ಅತ್ತೆಯ ಮೈ ತುರಿಕೆಗೆ ಬೆಳಕಿನ ಚಿಕಿತ್ಸೆ ಮಾಡಿಸಬಹುದಾ? ಅನುಭವ ಇದ್ದವರು ಹೇಳಿ

ನೀರ್ಚಾಲಿನ ಸೊಸೆ

ಎಲ್ಲರಿಗೂ ನಮಸ್ಕಾರ. ವಿಷಯ ನಮ್ಮ ಅತ್ತೆಯದ್ದು. ವಯಸ್ಸು 64. ಕಳೆದ ಮಳೆಗಾಲದಲ್ಲಿ ಮಣಿಕಟ್ಟಿನ ಒಳಬದಿಯಲ್ಲಿ ಸಣ್ಣ ಸಣ್ಣ ನೇರಳೆ ಬಣ್ಣದ ದದ್ದುಗಳು ಎದ್ದವು. ತೋಟಕ್ಕೆ ಮದ್ದು ಬಿಡುವ ಸಮಯ ಅದು. ಮೈಲುತುತ್ತು, ಸುಣ್ಣ ತಾಗಿ ಹೀಗಾಗಿದೆ ಅಂತ ನೆರೆಕರೆಯವರು ಹೇಳಿದರು. ಆಮೇಲೆ ಕಾಲು, ಸೊಂಟ, ಬೆನ್ನಿಗೂ ಬಂತು. ರಾತ್ರಿ ನಿದ್ದೆ ಇಲ್ಲ. ಕೆರೆದ ಗೆರೆಯ ಉದ್ದಕ್ಕೂ ಹೊಸ ದದ್ದು ಏಳುತ್ತದೆ.

ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷೆ ಮಾಡಿಸಿದೆವು. ಲೈಕನ್ ಪ್ಲಾನಸ್ ಅಂತ ಬಂತು. ಹರಡುವ ಕಾಯಿಲೆ ಅಲ್ಲ ಅಂತ ಡಾಕ್ಟರು ಮೊದಲೇ ಹೇಳಿದರು. ಸ್ಟೆರಾಯ್ಡ್ ಮಾತ್ರೆಗೆ ತುರಿಕೆ ತಗ್ಗಿತು, ಆದರೆ ಶುಗರ್ ಏರಿತು. ಮೊದಲೇ ಶುಗರ್ ಇದ್ದವರು ಅವರು. ಮಾತ್ರೆಯನ್ನು ಡಾಕ್ಟರೇ ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ಇಡೀ ಮೈಗೆ ಮುಲಾಮು ಹಚ್ಚುವುದೂ ಸಾಧ್ಯವಿಲ್ಲ. ಈಗ ನ್ಯಾರೋಬ್ಯಾಂಡ್ ಯುವಿಬಿ ಅಂತ ಬೆಳಕಿನ ಚಿಕಿತ್ಸೆ ಹೇಳಿದ್ದಾರೆ. ವಾರಕ್ಕೆ ಮೂರು ಸಲ, ಕಡಿಮೆ ಅಂದರೂ ಎರಡು ಮೂರು ತಿಂಗಳು ಮಂಗಳೂರಿಗೆ ಹೋಗಬೇಕು.

ಇದು ಎಕ್ಸ್‌ರೇ ತರಹದ್ದಾ? ಕ್ಯಾನ್ಸರ್ ಬರುತ್ತದೆ ಅಂತ ಕೆಲವರು ಹೆದರಿಸುತ್ತಿದ್ದಾರೆ. ಅಂಗಳದಲ್ಲಿ ಬಿಸಿಲಿಗೆ ಕೂತರೆ ಸಾಲದಾ ಅಂತ ಮಾವ ಕೇಳುತ್ತಾರೆ. ಆನ್‌ಲೈನಿನಲ್ಲಿ ಯುವಿ ಲೈಟು ಸಿಗುತ್ತದೆ, ತರಿಸುವಾ ಅಂತ ನನ್ನ ಗಂಡ. ಅತ್ತೆಗೆ ಇದ್ಯಾವುದೂ ಅಲ್ಲ, ಬೇರೆಯವರ ಮುಂದೆ ಬಟ್ಟೆ ತೆಗೆದು ನಿಲ್ಲಬೇಕಲ್ಲ ಅನ್ನುವುದೇ ಚಿಂತೆ. ನನಗೆ ಅದೇ ಎಲ್ಲದಕ್ಕಿಂತ ದೊಡ್ಡ ವಿಷಯ. ಅವರಿಗೆ ಮನಸ್ಸಿಲ್ಲದಿದ್ದರೆ ನಾನು ಎಳೆದುಕೊಂಡು ಹೋಗುವುದಿಲ್ಲ.

ಉಪ್ಪಳ ಪೇಟೆ

ಅಕ್ಕಾ, ನನ್ನದು ಸೋರಿಯಾಸಿಸ್. ಕಾಯಿಲೆ ಬೇರೆ, ಬೆಳಕು ಅದೇ. ನಾನು ಉಪ್ಪಳದಿಂದ ರೈಲಿನಲ್ಲಿ ಹೋಗಿ ಮಾಡಿಸಿಕೊಂಡವನು.

ನಿಂತುಕೊಳ್ಳುವಷ್ಟು ಜಾಗದ ಒಂದು ಪೆಟ್ಟಿಗೆ. ಸುತ್ತ ಉದ್ದುದ್ದ ಟ್ಯೂಬ್‌ಲೈಟುಗಳು. ಕಣ್ಣಿಗೆ ಕಪ್ಪು ಕನ್ನಡಕ ಕೊಡುತ್ತಾರೆ. ಬಾಗಿಲು ಹಾಕಿ ಹಚ್ಚಿದರೆ ನೀಲಿ ಬೆಳಕು, ಫ್ಯಾನಿನ ಸದ್ದು, ಸ್ವಲ್ಪ ಸೆಕೆ. ಮೊದಲ ದಿನ ಒಳಗೆ ಹೋಗಿ ಸರಿಯಾಗಿ ನಿಲ್ಲುವಷ್ಟರಲ್ಲಿ ಮುಗಿದೇ ಹೋಯಿತು. ಆಮೇಲೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಏರಿಸಿದರು. ನೋವಿಲ್ಲ. ಮೈ ಒಣಗುತ್ತದೆ, ಬಣ್ಣ ಕಪ್ಪಾಗುತ್ತದೆ. ನಿಲ್ಲಿಸಿದ ಮೇಲೆ ಆ ಕಪ್ಪು ನಿಧಾನಕ್ಕೆ ಹೋಗುತ್ತದೆ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಒಂದೇ. ಮೊದಲ ಕೆಲವು ವಾರ ಏನೂ ಗೊತ್ತಾಗುವುದಿಲ್ಲ. ತುಂಬಾ ಜನ ಆಗಲೇ ಬಿಟ್ಟುಬಿಡುತ್ತಾರೆ. ನಡುವೆ ಜಾಸ್ತಿ ದಿನ ತಪ್ಪಿದರೆ ಏರಿಸಿದ್ದನ್ನು ಮತ್ತೆ ಇಳಿಸುತ್ತಾರೆ. ಅಡಿಕೆ ಕೊಯ್ಲು, ಮದುವೆ, ನೇಮ ಎಲ್ಲ ನೋಡಿಕೊಂಡು, ಬಿಡದೆ ಹೋಗಲು ಆಗುವ ತಿಂಗಳುಗಳನ್ನೇ ಆರಿಸಿ ಶುರುಮಾಡಿ. ನಿಮಗೆ ಬಸ್ಸಿನಲ್ಲಿ ಕುಂಬಳೆಗೆ ಬಂದು ಅಲ್ಲಿಂದ ರೈಲು ಹಿಡಿಯುವುದು ಸುಲಭ. ಹೆದ್ದಾರಿಯಲ್ಲಿ ಬಸ್ಸಿನ ಕುಲುಕಾಟ ಆ ವಯಸ್ಸಿಗೆ ಬೇಡ.

ಮುಳ್ಳೇರಿಯ

ನಮ್ಮ ಅಜ್ಜಿಯ ಕಾಲದಲ್ಲಿ ಬಾವಂಚಿ ಬೀಜದ ಎಣ್ಣೆ ಹಚ್ಚಿ ಬಿಸಿಲಿಗೆ ಕೂರಿಸುತ್ತಿದ್ದರು. ಬಿಳಿ ತೊನ್ನಿಗೆ ಒಳ್ಳೆಯದು ಅಂತ ಕೇಳಿದ್ದೇನೆ. ಅದೂ ಬೆಳಕಿನ ಚಿಕಿತ್ಸೆಯೇ ಅಲ್ವಾ? ಮೊದಲು ಅದನ್ನು ಮಾಡಿ ನೋಡಬಹುದಲ್ಲ.

ಮಂಜೇಶ್ವರದ ನರ್ಸ್

ನಾನು ಮಂಗಳೂರಿನ ಒಂದು ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಇದೇ ಕೋಣೆಯಲ್ಲಿ ಕೆಲಸ ಮಾಡುತ್ತೇನೆ. ಮೊದಲು ಬಾವಂಚಿ ವಿಷಯ, ಅದು ತುರ್ತು. ದಯವಿಟ್ಟು ಹಚ್ಚಬೇಡಿ. ಆ ಬೀಜದಲ್ಲಿ ಸೋರಲಿನ್ ಅನ್ನುವ ಅಂಶ ಇದೆ. ಅದು ಚರ್ಮವನ್ನು ಬೆಳಕಿಗೆ ವಿಪರೀತ ಸೂಕ್ಷ್ಮ ಮಾಡುತ್ತದೆ. ಆಸ್ಪತ್ರೆಯಲ್ಲೂ ಸೋರಲಿನ್ ಕೊಟ್ಟು ಯುವಿಎ ಅನ್ನುವ ಇನ್ನೊಂದು ಬಗೆಯ ನೇರಳಾತೀತ ಬೆಳಕು ಕೊಡುವ ಪದ್ಧತಿ ಇದೆ, ಪುವಾ ಅಂತ ಹೆಸರು. ಅಲ್ಲಿ ಎಲ್ಲವೂ ಅಳತೆ ಮಾಡಿ. ಮನೆಯಲ್ಲಿ ಎಣ್ಣೆ ಹಚ್ಚಿ ನಮ್ಮ ಊರಿನ ಬಿಸಿಲಿಗೆ ಕೂತು ಬೊಬ್ಬೆ ಎದ್ದು ಬಂದವರನ್ನು ನಾನು ಕಂಡಿದ್ದೇನೆ. ಶುಗರ್ ಇರುವವರಿಗೆ ಅಂಥ ಗಾಯ ಬೇಗ ಮಾಯುವುದಿಲ್ಲ.

ಸೊಸೆ ಅಕ್ಕಾ, ಇದು ಎಕ್ಸ್‌ರೇ ಅಲ್ಲ. ಬಿಸಿಲಿನಲ್ಲಿರುವ ನೇರಳಾತೀತ ಬೆಳಕಿನಿಂದ, ಅಲೆಯ ಉದ್ದ 311 ನ್ಯಾನೋಮೀಟರ್ ಸುತ್ತಮುತ್ತ ಇರುವ ಸಣ್ಣ ಭಾಗವನ್ನು ಮಾತ್ರ ಕೊಡುವ ಟ್ಯೂಬುಗಳು. 1980ರ ದಶಕದಿಂದ ಬಳಕೆಯಲ್ಲಿವೆ. ಲೈಕನ್ ಪ್ಲಾನಸ್‌ನಲ್ಲಿ ನಮ್ಮದೇ ರಕ್ಷಣೆಯ ಕಣಗಳು ಚರ್ಮದ ಕೋಶಗಳ ಮೇಲೆ ದಾಳಿ ಮಾಡುತ್ತವೆ. ಈ ಬೆಳಕು ಆ ದಾಳಿಯನ್ನು ತಗ್ಗಿಸುತ್ತದೆ. ನಮ್ಮ ಮೈಬಣ್ಣದವರಿಗೆ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 200ರಿಂದ 300 ಮಿಲಿಜೂಲ್‌ನಲ್ಲಿ (ಬೆಳಕಿನ ಶಕ್ತಿಯ ಅಳತೆ ಅದು) ಶುರುಮಾಡಿ, ಚರ್ಮ ಹೇಗೆ ತಡೆದುಕೊಂಡಿತು ಅಂತ ನೋಡಿ 10ರಿಂದ 20 ಶೇಕಡಾ ಏರಿಸುತ್ತಾರೆ. ಅಂಗಳದ ಬಿಸಿಲಿಗೆ ಇಂಥ ಅಳತೆ ಇಲ್ಲ, ಅದರಲ್ಲಿ ಬೇರೆ ಕಿರಣಗಳೂ ಇವೆ. ಬೆಳಕು ಕೊಟ್ಟ ದಿನ ಬಿಸಿಲಿಗೆ ಹೋಗಲೇಬಾರದು.

ಕ್ಯಾನ್ಸರಿನ ಭಯ ಬಂದದ್ದು ಹೆಚ್ಚಾಗಿ ಪುವಾದಿಂದ. ಬಿಳಿ ಮೈಯವರಲ್ಲಿ ವರ್ಷಗಟ್ಟಲೆ ಅದನ್ನು ಕೊಟ್ಟಾಗ ಚರ್ಮದ ಕ್ಯಾನ್ಸರ್ ಜಾಸ್ತಿ ಕಂಡಿತು. ನ್ಯಾರೋಬ್ಯಾಂಡಿನಲ್ಲಿ ಇದುವರೆಗೆ ಅಂಥ ಸ್ಪಷ್ಟ ಏರಿಕೆ ಕಂಡಿಲ್ಲ. ಹಾಗಿದ್ದರೂ ಒಟ್ಟು ಎಷ್ಟು ಕೊಟ್ಟಿದ್ದೇವೆ ಅಂತ ಪುಸ್ತಕದಲ್ಲಿ ಬರೆದಿಡುತ್ತೇವೆ. ಆ ಪುಸ್ತಕ ಕಳೆಯಬೇಡಿ.

ಆನ್‌ಲೈನ್ ಲೈಟು ಬೇಡವೇ ಬೇಡ. ಯುವಿ ಅಂತ ಮಾರುವುದರಲ್ಲಿ ಬಹಳಷ್ಟು ಕೀಟಾಣು ಕೊಲ್ಲುವ ಲೈಟುಗಳು. ನೀರು ಶುದ್ಧ ಮಾಡುವ ಫಿಲ್ಟರಿನಲ್ಲಿ ಇರುವಂಥದ್ದು, 254 ನ್ಯಾನೋಮೀಟರಿನದ್ದು. ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ. ಮನೆಯಲ್ಲಿ ಬಳಸುವ ಸರಿಯಾದ ಯುವಿಬಿ ಯಂತ್ರವೂ ಇದೆ, ಆದರೆ ಅದು ಡಾಕ್ಟರು ಬರೆದುಕೊಟ್ಟರೆ ಮಾತ್ರ.

ಇನ್ನು ಅತ್ತೆಯವರ ನಾಚಿಕೆ. ಅವರು ಕೇಳುವುದು ನ್ಯಾಯವೇ. ಒಳ ಉಡುಪು ಹಾಕಿಕೊಂಡೇ ನಿಲ್ಲಬಹುದು. ಪ್ರತಿ ಸಲ ಅದೇ ಅಳತೆಯದ್ದೇ ಹಾಕಬೇಕು, ಇಲ್ಲದಿದ್ದರೆ ಹಿಂದೆ ಮುಚ್ಚಿದ್ದ ಜಾಗಕ್ಕೆ ಒಮ್ಮೆಲೇ ಜಾಸ್ತಿ ಬೆಳಕು ಬಿದ್ದು ಕೆಂಪಾಗುತ್ತದೆ. ಹೆಂಗಸರೇ ಬೇಕು ಅಂತ ಮೊದಲೇ ಕೇಳಿ. ಕೇಳಲು ಸಂಕೋಚ ಬೇಡ. ಒಳಗೆ ಹೋಗಿ ಬಾಗಿಲು ಹಾಕಿದ ಮೇಲೆ ಸೀರೆ ಬಿಚ್ಚಿದರೂ ಸಾಕು. ಎಷ್ಟೋ ಅಮ್ಮಂದಿರು ಹಾಗೆಯೇ ಮಾಡುತ್ತಾರೆ.

ಎರಡು ವಿಷಯ ನಾನೇ ಕೇಳುತ್ತೇನೆ. ಅತ್ತೆಗೆ ಬಿಪಿ ಇದ್ದರೆ ಅದಕ್ಕೆ ಯಾವ ಮಾತ್ರೆ? ಮತ್ತೆ, ಎಲೆ ಅಡಿಕೆ ತಿನ್ನುತ್ತಾರಾ?

ನೀರ್ಚಾಲಿನ ಸೊಸೆ

ಇದನ್ನು ಅತ್ತೆಗೆ ಓದಿ ಹೇಳಿದೆ. ಬಾಗಿಲು ಹಾಕಿದ ಮೇಲೆ ಸೀರೆ ಬಿಚ್ಚಬಹುದು ಅನ್ನುವುದನ್ನು ಎರಡು ಸಲ ಓದಿಸಿದರು. ನೀನು ಹೊರಗೆ ನಿಲ್ಲುವುದಾದರೆ ಬರುತ್ತೇನೆ ಅಂದರು. ಬಿಪಿ ಮಾತ್ರೆಯ ಪಟ್ಟಿಯಲ್ಲಿ ಹೈಡ್ರೋಕ್ಲೋರೋಥಯಜೈಡ್ ಅಂತ ಇದೆ. ಎಲೆ ಅಡಿಕೆ ದಿನಾ ಬೇಕು. ಬಾಯಿಯಲ್ಲಿ ಉರಿ ಇದೆ ಅಂತ ಈಗ ಹೇಳುತ್ತಿದ್ದಾರೆ, ಡಾಕ್ಟರ ಹತ್ತಿರ ಹೇಳಿರಲಿಲ್ಲ.

ಮಂಜೇಶ್ವರದ ನರ್ಸ್

ಹಾಗಾದರೆ ಬೆಳಕು ಶುರುಮಾಡುವ ಮೊದಲೇ ಎರಡನ್ನೂ ಡಾಕ್ಟರಿಗೆ ಹೇಳಿ. ಆ ಮಾತ್ರೆ ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡಬಹುದು. ಬದಲಿಸಬೇಕಾ, ಬೆಳಕನ್ನೇ ಕಡಿಮೆಯಲ್ಲಿ ಶುರುಮಾಡಬೇಕಾ ಅಂತ ಅವರು ನೋಡುತ್ತಾರೆ. ನೀವಾಗಿ ನಿಲ್ಲಿಸಬೇಡಿ. ಲೈಕನ್ ಪ್ಲಾನಸ್ ಬಾಯಿಯ ಒಳಗೂ ಬರುತ್ತದೆ, ಕೆನ್ನೆಯ ಒಳಬದಿಯಲ್ಲಿ ಬಿಳಿ ಬಲೆಯಂಥ ಗೆರೆ ಇದೆಯಾ ನೋಡಿಸಿ. ಈ ಪೆಟ್ಟಿಗೆಯ ಬೆಳಕು ಬಾಯಿಗೆ ತಲುಪುವುದಿಲ್ಲ, ಅದಕ್ಕೆ ಬೇರೆ ಮದ್ದು. ಅಡಿಕೆ, ಸುಣ್ಣ, ಹೊಗೆಸೊಪ್ಪು ಮೂರನ್ನೂ ಈಗಲೇ ಬಿಡಿಸಿ. ಬಾಯಿಯದ್ದು ಕೆಲವರಲ್ಲಿ ವರ್ಷಗಳ ಮೇಲೆ ಕ್ಯಾನ್ಸರಿಗೆ ತಿರುಗುವುದುಂಟು. ನನ್ನನ್ನು ಕೇಳಿದರೆ, ಬೆಳಕಿಗಿಂತ ಅದರ ಬಗ್ಗೆಯೇ ಜಾಸ್ತಿ ಎಚ್ಚರ ಬೇಕು.

ನೀರ್ಚಾಲಿನ ಸೊಸೆ

ಸೋಮವಾರಕ್ಕೆ ಚೀಟಿ ಮಾಡಿಸಿದೆ. ಮಾತ್ರೆಯ ಪಟ್ಟಿ ಚೀಲದಲ್ಲಿ ಇಟ್ಟಿದ್ದೇನೆ, ಬಾಯಿಯನ್ನೂ ತೋರಿಸುತ್ತೇನೆ. ಮಾವ ಎಲೆ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದರು, ತಾನೂ ತಿನ್ನುವುದಿಲ್ಲ ಅಂದಿದ್ದಾರೆ. ಉಪ್ಪಳದ ಅಣ್ಣಾ, ಕುಂಬಳೆಯಿಂದ ಬೆಳಗ್ಗಿನ ಯಾವ ರೈಲಿನಲ್ಲಿ ಕೂರಲು ಜಾಗ ಸಿಗುತ್ತದೆ?