ಓದಿದರೆ ತಿಳಿಯುವ ಇಂಗ್ಲಿಷ್ ಕೇಳಿದರೆ ಯಾಕೆ ತಿಳಿಯಲ್ಲ? ದಾವಣಗೆರೆ-ಚಿತ್ರದುರ್ಗದವರ ಅನುಭವಗಳು

ಕೇಳಿದವರು: ಸ್ಟಾಫ್ ನರ್ಸ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಜಗಳೂರು ಕಡೆಯವಳು. ಎಸ್ಸೆಸ್ಸೆಲ್ಸಿವರೆಗೂ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಬಿ.ಎಸ್ಸಿ ನರ್ಸಿಂಗ್ ಮುಗಿಸಿ ಈಗ ಇಲ್ಲೇ ಒಂದು ಖಾಸಗಿ ಆಸ್ಪತ್ರೇಲಿ ಕೆಲಸ. ಇಂಗ್ಲೆಂಡಿಗೆ ಹೋಗೋ ಆಸೆ. ಅದಕ್ಕೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ, ಇಲ್ಲವೇ ಆಸ್ಪತ್ರೆ ಕೆಲಸದವರಿಗಂತಲೇ ಇರೋ ಓಇಟಿ ಬರೀಬೇಕು. ಪುಸ್ತಕ ಓದಿದ್ರೆ ಅರ್ಥ ಆಗುತ್ತೆ. ಆಡಿಯೊ ಹಾಕಿದ್ರೆ ಮೊದಲ ಎರಡು ವಾಕ್ಯ ಹಿಡೀತೀನಿ, ಮೂರನೇದಕ್ಕೆ ಕೈತಪ್ಪಿ ಹೋಗುತ್ತೆ. ಓದೋ ಭಾಗದಲ್ಲೂ ಟೈಮ್ ಸಾಲಲ್ಲ. ಒಂದು ಕೋಚಿಂಗ್ ಸೆಂಟರ್‌ನಲ್ಲಿ ವಿಚಾರಿಸಿದೆ, ಬರೀ ಮಾಕ್ ಟೆಸ್ಟ್ ಮೇಲೆ ಮಾಕ್ ಟೆಸ್ಟ್ ಅಂದ್ರು. ಮನೇಲೇ ಅಭ್ಯಾಸ ಮಾಡಿದವರು ಯಾರಾದ್ರೂ ಇದ್ರೆ ಹೇಗೆ ಮಾಡಿದ್ರಿ ಅಂತ ಹೇಳ್ತೀರಾ? ಶಿಫ್ಟ್ ಕೆಲಸ, ದಿನಕ್ಕೆ ಒಂದು ಗಂಟೆ ಸಿಕ್ಕರೆ ಹೆಚ್ಚು.

ಹಿರಿಯೂರಿನ ನರ್ಸ್, ಈಗ ಇಂಗ್ಲೆಂಡಿನಲ್ಲಿ

ತಂಗಿ, ಮೊದಲು ಯಾವ ಪರೀಕ್ಷೆ ಅಂತ ತೀರ್ಮಾನ ಮಾಡ್ಕೋ. ಇಲ್ಲಿ ನರ್ಸ್‌ಗಳನ್ನ ನೋಂದಾಯಿಸ್ಕೊಳ್ಳೋ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಎರಡನ್ನೂ ಒಪ್ಪುತ್ತೆ. ಐಇಎಲ್‌ಟಿಎಸ್ ಅಕಾಡೆಮಿಕ್ ಆದ್ರೆ ಓದು, ಕೇಳು, ಮಾತು ಮೂರರಲ್ಲೂ 7, ಬರವಣಿಗೆಗೆ 6.5, ಒಟ್ಟಾರೆ 7. ಓಇಟಿ ಆದ್ರೆ ಆ ಮೂರಕ್ಕೆ ಬಿ ಗ್ರೇಡ್, ಬರವಣಿಗೆಗೆ ಸಿ ಪ್ಲಸ್. ದುಡ್ಡು ಕಟ್ಟೋ ಮುಂಚೆ ಕೌನ್ಸಿಲ್‌ನ ವೆಬ್‌ಸೈಟ್ ಒಂದ್ಸಲ ನೋಡು, ನಿಯಮ ಬದಲಾಗ್ತಾ ಇರ್ತವೆ. ಓಇಟಿ ಶುಲ್ಕ ಜಾಸ್ತಿ. ಆದರೆ ಅದರಲ್ಲಿ ಬರೋದೆಲ್ಲ ವಾರ್ಡಿನ ಮಾತು. ಐಇಎಲ್‌ಟಿಎಸ್‌ನಲ್ಲಿ ಜೇನುಹುಳದ ಬಗ್ಗೆಯೂ ಬರಬಹುದು, ಮ್ಯೂಸಿಯಂ ಬಗ್ಗೆಯೂ ಬರಬಹುದು. ನಾನು ಓಇಟಿ ಬರೆದವಳು, ನರ್ಸ್‌ಗಳಿಗೆ ಅದನ್ನೇ ಹೇಳ್ತೀನಿ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ನಿನಗೆ ಪದ ಗೊತ್ತಿಲ್ಲದೇ ಇರೋದಲ್ಲ. ಪದ ಕಣ್ಣಿಗೆ ಗೊತ್ತು, ಕಿವಿಗೆ ಗೊತ್ತಿಲ್ಲ. ಪುಸ್ತಕದ ಕನ್ನಡ ಕಲಿತ ಹೊರನಾಡಿನವನೊಬ್ಬ ಹರಿಹರದ ಬಸ್‌ಸ್ಟ್ಯಾಂಡಲ್ಲಿ ನಿಂತ್ಕೊಂಡ ಅನ್ಕೋ. ಅವನು ಕಲಿತಿರೋದು ‘ಏನು ಮಾಡುತ್ತಿದ್ದೀರಿ’. ಕೇಳಿಸೋದು ‘ಏನ್ಮಾಡಾಕತ್ತೀರಿ’. ಕಕ್ಕಾಬಿಕ್ಕಿ ಆಗ್ತಾನೆ. ನಮ್ಮದೂ ಅದೇ ಪಾಡು. ‘ಐ ವಾಸ್ ಗೋಯಿಂಗ್ ಟು ಆಸ್ಕ್ ಯು ಅಬೌಟ್ ಇಟ್’ ಅಂತ ಅಚ್ಚಾಗಿರೋದು ಬಾಯಿಂದ ಬರೋವಾಗ ‘ಐವಸ್ ಗೊನಾಸ್ಕ್ಯು ಬೌಟಿಟ್’ ಆಗಿರುತ್ತೆ. ಟು, ಆಫ್, ಅಂಡ್, ಹ್ಯಾವ್ ಇಂಥ ಸಣ್ಣ ಪದಗಳನ್ನ ಅವರು ನುಂಗಿಬಿಡ್ತಾರೆ. ನಾವೋ ಬಸ್ಸು, ಕಾರು, ಬ್ಯಾಂಕು ಅಂತ ಪ್ರತಿ ಪದದ ಕೊನೆಗೂ ಸ್ವರ ಹಚ್ಚಿ ಬಿಡಿಬಿಡಿಯಾಗಿ ಆಡೋ ಜನ. ನಮ್ಮ ಕಿವಿ ಆ ಬಿಡುವನ್ನೇ ಹುಡುಕುತ್ತೆ. ಅದು ಸಿಗಲ್ಲ.

ಇದಕ್ಕೆ ನಾನು ಮಾಡಿದ್ದು ಶಾಲೇಲಿ ಮೇಷ್ಟ್ರು ಮಾಡಿಸ್ತಿದ್ದ ಉಕ್ತಲೇಖನ, ಬೇರೇನಿಲ್ಲ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನಲ್ಲಿ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಅಂತ ಕಾರ್ಯಕ್ರಮ ಇದೆ. ಪುಕ್ಕಟೆ, ಮಾತೆಲ್ಲ ಅಕ್ಷರದಲ್ಲೂ ಸಿಗುತ್ತೆ. ಆರು ನಿಮಿಷ ಪೂರ್ತಿ ಬೇಡ, ಒಂದೇ ನಿಮಿಷ ತಗೋ. ಮೊದಲು ಸುಮ್ಮನೆ ಕೇಳು, ಯಾವ ವಿಷಯ ಅಂತ ಗೊತ್ತಾದ್ರೆ ಸಾಕು. ಆಮೇಲೆ ಒಂದೊಂದೇ ವಾಕ್ಯಕ್ಕೆ ನಿಲ್ಲಿಸಿ ಬರಿ. ಕೇಳಿಸದ ಕಡೆ ಖಾಲಿ ಬಿಡು, ಹಿಂದಕ್ಕೆ ಹೋಗಿ ಮತ್ತೆ ಕೇಳು. ಎಷ್ಟು ಸಲ ಕೇಳಿದ್ರೂ ಸಿಗಲಿಲ್ಲ ಅಂದಾಗ ಮಾತ್ರ ಬರಹ ತೆಗೆದು ನೋಡು. ಕೆಂಪು ಪೆನ್ನಲ್ಲಿ ತಿದ್ದು. ನೋಡಿದಾಗ ‘ಅಯ್ಯೋ, ಇಷ್ಟೇನಾ, ಇದು ನಂಗೆ ಗೊತ್ತಿತ್ತಲ್ಲ’ ಅನ್ನಿಸುತ್ತೆ ನೋಡು, ಆ ಜಾಗವೇ ಮುಖ್ಯ. ಆ ತುಂಡನ್ನ ಆಡಿಯೊ ಜೊತೆಗೇ ನೀನೂ ಜೋರಾಗಿ ಹೇಳು, ಅವರ ವೇಗದಲ್ಲೇ, ಅವರು ನುಂಗಿದಲ್ಲಿ ನೀನೂ ನುಂಗಿ. ಬಾಯಿಗೆ ಬಂದಿದ್ದನ್ನ ಕಿವಿ ಬಿಡಲ್ಲ. ಒಂದು ನಿಮಿಷದ ಆಡಿಯೊಗೆ ಅರ್ಧ ಗಂಟೆ ಹಿಡಿಯುತ್ತೆ, ಗಾಬರಿ ಬೀಳಬೇಡ.

ಇನ್ನೊಂದು, ತಿದ್ದಿದ ಹಾಳೆ ಎಸೀಬೇಡ. ಒಂದಷ್ಟು ಹಾಳೆ ಕೂಡಿದ ಮೇಲೆ ಹರಡಿಕೊಂಡು ನೋಡಿದ್ರೆ ನಿನ್ನ ಕಿವಿ ಎಲ್ಲಿ ಮೋಸ ಹೋಗುತ್ತೆ ಅಂತ ಕಾಣುತ್ತೆ. ನನಗೆ ಕೈಕೊಡ್ತಿದ್ದಿದ್ದು ಪದದ ಕೊನೆಯ ‘ಡ್’. ಆಗಿದ್ದಕ್ಕೂ ಆಗ್ತಿರೋದಕ್ಕೂ ವ್ಯತ್ಯಾಸವೇ ಕೇಳಿಸ್ತಿರಲಿಲ್ಲ. ನಿನ್ನದು ಬೇರೆ ಇರಬಹುದು.

ಬ್ಯಾಂಕ್ ಉದ್ಯೋಗಿ, ಹರಿಹರ

ಮೇಡಂ, ಕೇಳೋದ್ರ ಬಗ್ಗೆ ನಂಗೆ ಹೇಳೋಕೆ ಹೆಚ್ಚೇನಿಲ್ಲ, ಬ್ಯಾಂಕ್ ಪರೀಕ್ಷೇಲಿ ಅದು ಇರಲ್ಲ. ಆದರೆ ನಾನು ಬರೆದಾಗ ಪಿಒ (ಬ್ಯಾಂಕ್ ಪ್ರೊಬೇಷನರಿ ಆಫೀಸರ್) ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್‌ಗೆ 20 ನಿಮಿಷಕ್ಕೆ 30 ಪ್ರಶ್ನೆ ಇತ್ತು, ಹಾಗಾಗಿ ವೇಗವಾಗಿ ಓದೋದು ಕಲೀಲೇಬೇಕಾಯ್ತು. ಎಲ್ಲರೂ ಹೇಳೋ ಹಾಗೆ ದೊಡ್ಡ ಪೇಪರ್‌ನ ಸಂಪಾದಕೀಯದಿಂದ ಶುರು ಮಾಡಬೇಡಿ. ಮೂರು ದಿನದಲ್ಲಿ ಬೇಜಾರಾಗಿ ಬಿಡ್ತೀರಿ. ನಾನು ಬೆಳಿಗ್ಗೆ ಪ್ರಜಾವಾಣಿ ಓದಿ, ಅದೇ ಸುದ್ದಿಯನ್ನ ಡೆಕ್ಕನ್ ಹೆರಾಲ್ಡ್‌ನಲ್ಲಿ ಹುಡುಕ್ತಿದ್ದೆ. ಎರಡೂ ಒಂದೇ ಸಂಸ್ಥೆಯವು, ಎರಡೂ 1948ರಲ್ಲಿ ಶುರುವಾದವು, ಹಾಗಾಗಿ ಸುದ್ದಿಗಳು ಬಹಳಷ್ಟು ಹೊಂದುತ್ತವೆ. ಭದ್ರಾ ನಾಲೆಗೆ ನೀರು ಬಿಡೋ ಜಗಳ, ಮೆಕ್ಕೆಜೋಳದ ರೇಟು ಎಲ್ಲ ಮೊದಲೇ ಕನ್ನಡದಲ್ಲಿ ಗೊತ್ತಿರುತ್ತೆ. ಇಂಗ್ಲಿಷ್‌ನಲ್ಲಿ ಗೊತ್ತಿಲ್ಲದ ಪದ ಬಂದ್ರೂ ಡಿಕ್ಷನರಿ ಬೇಡ, ಸಂದರ್ಭವೇ ಹೇಳುತ್ತೆ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಪೇಪರ್ ಓದಿದ್ರೆ ಖರ್ಚೂ ಇಲ್ಲ.

ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಚಿತ್ರದುರ್ಗ

ಹಿರಿಯೂರಿನ ತಾಯಿ ಉಕ್ತಲೇಖನ ಅಂದಿದ್ದು ಓದಿ ಖುಷಿಯಾಯ್ತು. ನಾವು ಮಾಡಿಸುವಾಗ ಮಕ್ಕಳು ಶಾಪ ಹಾಕ್ತಿದ್ರು.

ಓದು ನಿಧಾನ ಆಗೋದಕ್ಕೆ ಒಂದು ಕಾರಣ ಇದೆಯಮ್ಮ, ಅದನ್ನ ಹೇಳ್ತೀನಿ. ‘ನಿನ್ನೆ ರಾತ್ರಿ ಎದೆನೋವಿನಿಂದ ದಾಖಲಾದ ರೋಗಿ’ ಅಂತೀವಿ ನಾವು. ವಿವರಣೆ ಎಲ್ಲ ಮೊದಲು, ರೋಗಿ ಕೊನೆಗೆ. ಇಂಗ್ಲಿಷ್‌ನಲ್ಲಿ ‘ದಿ ಪೇಷಂಟ್’ ಮೊದಲು ಬಂದು ಕೂತ್ಕೋತದೆ, ‘ಹೂ ವಾಸ್ ಅಡ್ಮಿಟೆಡ್’ ಅಂತ ಬಾಲ ಆಮೇಲೆ ಬರ್ತದೆ. ನಮ್ಮ ಮಕ್ಕಳು ಏನು ಮಾಡ್ತಾರೆ ಅಂದ್ರೆ, ಕೊನೇವರೆಗೂ ಓದಿ, ಹಿಂದಕ್ಕೆ ಬಂದು, ಕನ್ನಡದ ಸಾಲಿಗೆ ಜೋಡಿಸಿಕೊಂಡು, ಆಮೇಲೆ ಮುಂದಕ್ಕೆ ಹೋಗ್ತಾರೆ. ಒಂದು ವಾಕ್ಯವನ್ನ ಎರಡು ಸಲ ಓದಿದ ಹಾಗಾಯ್ತು. ಟೈಮ್ ಎಲ್ಲಿ ಸಾಲ್ತದೆ? ಪೆನ್ಸಿಲ್ ಹಿಡ್ಕೊಂಡು ವಾಕ್ಯವನ್ನ ತುಂಡು ತುಂಡಾಗಿ ಗೀಟು ಹಾಕಿ ಓದಿ. ಯಾರು, ಗೀಟು. ಎಂಥವರು, ಗೀಟು. ಏನಾಯ್ತು, ಗೀಟು. ಬಂದ ಕ್ರಮದಲ್ಲೇ ಅರ್ಥ ತಗೊಳ್ಳಿ, ಕನ್ನಡಕ್ಕೆ ತಿರುಗಿಸೋ ಗೋಜಿಗೆ ಹೋಗಬೇಡಿ. ಸ್ವಲ್ಪ ದಿನ ಆದ ಮೇಲೆ ಪೆನ್ಸಿಲ್ ಬೇಕಾಗಲ್ಲ. ವ್ಯಾಕರಣ ಬೇಡವೇ ಬೇಡ ಅನ್ನೋ ಯೂಟ್ಯೂಬಿನವರ ಮಾತು ನನಗೆ ಒಪ್ಪಿಗೆ ಇಲ್ಲ. ಬೇಕು. ಇಷ್ಟು ಬೇಕು.

ಕೇಳೋದಕ್ಕೆ ಆಕಾಶವಾಣಿಯ ರಾತ್ರಿ ಒಂಬತ್ತರ ಇಂಗ್ಲಿಷ್ ವಾರ್ತೆ ಇದೆ, ಮೊಬೈಲಲ್ಲೂ ಸಿಗ್ತದೆ. ನಿಧಾನ, ಸ್ಪಷ್ಟ.

ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಸಾರಿ ಸರ್, ಆಕಾಶವಾಣಿ ಕೇಳಿ ಇಂಗ್ಲೆಂಡಿಗೆ ಹೋದ್ರೆ ಅಕ್ಕ ಅಲ್ಲಿ ಪಡಬಾರದ ಪಾಡು ಪಡ್ತಾರೆ. ಅಲ್ಲಿ ಯಾರೂ ಹಂಗೆ ಮಾತಾಡಲ್ಲ.

ಅಕ್ಕಾ, ಉಕ್ತಲೇಖನ ಒಳ್ಳೇದೇ, ಆದ್ರೆ ಅದನ್ನೇ ದಿನಾ ಮಾಡಿದ್ರೆ ತಲೆ ಕೆಟ್ಟು ಬಿಟ್ಟುಬಿಡ್ತೀರ. ನಂಗೆ ಕೆಲಸ ಮಾಡಿದ್ದು ರಾಶಿಗಟ್ಟಲೆ ಕೇಳಿದ್ದು. ಕ್ರಿಕೆಟ್ ಇಂಗ್ಲಿಷ್ ಕಾಮೆಂಟ್ರಿ ಹಾಕ್ಕೊಂಡು ನೋಡ್ತಿದ್ದೆ. ಏನಾಯ್ತು ಅಂತ ಕಣ್ಣಿಗೆ ಕಾಣ್ತಿರುತ್ತೆ, ಮಾತು ತಾನಾಗೇ ಅದಕ್ಕೆ ಅಂಟ್ಕೊಳ್ಳುತ್ತೆ. ಆಸ್ಟ್ರೇಲಿಯಾದವರು, ವೆಸ್ಟ್ ಇಂಡೀಸಿನವರು, ಇಂಗ್ಲೆಂಡಿನವರು ಎಲ್ಲ ಒಂದೇ ಮ್ಯಾಚಲ್ಲಿ ಸಿಗ್ತಾರೆ. (ನಮ್ಮೂರ ವಿನಯ್ ಕುಮಾರ್‌ಗೆ ‘ದಾವಣಗೆರೆ ಎಕ್ಸ್‌ಪ್ರೆಸ್’ ಅಂತ ಹೆಸರಿತ್ತಲ್ಲ, ಅದನ್ನ ಒಬ್ಬೊಬ್ಬ ವಿದೇಶಿ ಬಾಯಲ್ಲಿ ಕೇಳೋದೇ ಒಂದು ಮಜಾ.)

ಯೂಟ್ಯೂಬಲ್ಲಿ ಕೆಳಗಡೆ ಅಕ್ಷರ ಬರೋದನ್ನ ಆಫ್ ಮಾಡಿ ಮೊದಲ ಸಲ ನೋಡಿ. ಆನ್ ಇದ್ರೆ ಕಣ್ಣು ಓದುತ್ತೆ, ಕಿವಿ ರಜಾ ಹಾಕುತ್ತೆ. ಎರಡನೇ ಸಲ ಆನ್ ಮಾಡಿ. ವೇಗ 0.75ಕ್ಕೆ ಇಳಿಸಬಹುದು, ಆದ್ರೆ ಅದೇ ರೂಢಿ ಆಗಬಾರದು, ಪರೀಕ್ಷೇಲಿ ಯಾರೂ ಇಳಿಸಲ್ಲ.

ಹಿರಿಯೂರಿನ ನರ್ಸ್

ತಮ್ಮಾ, ರಾಶಿ ಕೇಳೋದು ಬೇಡ ಅಂತ ನಾನು ಹೇಳಿಲ್ಲ. ಆದರೆ ಮುಕ್ಕಾಲು ಪಾಲು ಅರ್ಥ ಆಗೋದನ್ನ ಕೇಳಿದ್ರೆ ಮಾತ್ರ ರಾಶಿಗೆ ಬೆಲೆ. ಏನೂ ತಿಳಿಯದ ಸಿನಿಮಾ ಎರಡು ಗಂಟೆ ಹಾಕಿಟ್ಟರೆ ಅದು ಬರೀ ಸದ್ದು. ಅವಳಿಗೆ ಇರೋದು ಒಂದು ಗಂಟೆ. ಅರ್ಧ ಉಕ್ತಲೇಖನ, ಅರ್ಧ ಓದು. ನಿನ್ನ ರಾಶಿಯನ್ನ ಬಟ್ಟೆ ಒಗೆಯುವಾಗ, ಬಸ್ಸಲ್ಲಿ ಹೋಗುವಾಗ ಕೇಳಲಿ.

ಗೃಹಿಣಿ, ಹೊಳಲ್ಕೆರೆ

ನನಗೆ ಪರೀಕ್ಷೆ ಗಿರೀಕ್ಷೆ ಏನಿಲ್ಲ, ಮಗಳಿಗೆ ಹೋಂವರ್ಕ್ ಹೇಳಿಕೊಡೋಕೆ ಅಂತ ಶುರು ಮಾಡಿದ್ದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅಂತ ಇದೆ, 2015ರಿಂದ ನಡೀತಿದೆ. ಒಂದೇ ಕಥೆ ಕನ್ನಡದಲ್ಲೂ ಸಿಗುತ್ತೆ, ಇಂಗ್ಲಿಷ್‌ನಲ್ಲೂ ಸಿಗುತ್ತೆ, ಒಂದರಿಂದ ನಾಲ್ಕರವರೆಗೆ ಹಂತ ಇದೆ, ದುಡ್ಡು ಕೊಡಬೇಕಾಗಿಲ್ಲ. ಕೆಲವು ಕಥೆಗಳನ್ನ ಓದಿ ಹೇಳೋ ದನಿಯೂ ಇದೆ. ಮಕ್ಕಳ ಕಥೆ ಅಂತ ನಾಚಿಕೆ ಪಟ್ಕೋಬೇಡಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಒಂದು ನಿಮಿಷದ್ದು ಬರೆದೆ. ಕೆಂಪು ಇಂಕೇ ಜಾಸ್ತಿ ಆಯ್ತು! ಅಕ್ಕಾ, ಇನ್ನೆರಡು ಅನುಮಾನ. ಓಇಟಿ ರೀಡಿಂಗ್‌ನ ಮೊದಲ ಭಾಗ 15 ನಿಮಿಷದಲ್ಲಿ ಮುಗಿಸೋದು ಹೇಗೆ? ಮತ್ತೆ ಡೋಸ್ ಹೇಳುವಾಗ ಫಿಫ್ಟೀನಾ ಫಿಫ್ಟಿಯಾ, ಅಂದ್ರೆ 15ಆ 50ಆ ಅಂತ ಗೊತ್ತೇ ಆಗ್ತಿಲ್ಲ.

ಹಿರಿಯೂರಿನ ನರ್ಸ್

ಮೊದಲ ಭಾಗದಲ್ಲಿ ನಾಲ್ಕು ಚಿಕ್ಕ ಬರಹ, 20 ಪ್ರಶ್ನೆ ಇರ್ತವೆ. ಅದನ್ನ ಓದಬಾರದು, ಹುಡುಕಬೇಕು. ಡ್ಯೂಟಿ ತಗೊಳ್ಳುವಾಗ ಕೇಸ್ ಶೀಟನ್ನ ಮೊದಲಿಂದ ಕೊನೇವರೆಗೆ ಓದ್ತೀಯಾ? ಇಲ್ಲ. ಔಷಧಿ ಎಲ್ಲಿದೆ, ಎಷ್ಟು ಹೊತ್ತಿಗೆ, ಕೊನೆಯ ಬಿಪಿ ಎಷ್ಟು ಅಂತ ಕಣ್ಣು ನೇರ ಅಲ್ಲಿಗೇ ಹೋಗುತ್ತೆ. ಹಾಗೇ ಮೊದಲು ನಾಲ್ಕರ ತಲೆಬರಹ ನೋಡ್ಕೋ, ಪ್ರಶ್ನೆ ಓದು, ಇದು ಯಾವುದರಲ್ಲಿ ಇರಬಹುದು ಅಂತ ಗುರುತಿಸು, ಅಲ್ಲಿಗೇ ಹೋಗು. ಆಸ್ಪತ್ರೇಲಿ ಸಿಗೋ ಔಷಧಿ ಡಬ್ಬಿಯೊಳಗಿನ ಮಡಚಿದ ಕಾಗದ ಇದೆಯಲ್ಲ, ಅದಕ್ಕಿಂತ ಒಳ್ಳೆ ಅಭ್ಯಾಸದ ಪಾಠ ಇಲ್ಲ. ಯಾರಿಗೆ ಕೊಡಬಾರದು, ಮರೆತರೆ ಏನು ಮಾಡಬೇಕು, ಎಲ್ಲಿಡಬೇಕು ಅಂತ ನೀನೇ ಮೂರು ಪ್ರಶ್ನೆ ಹಾಕ್ಕೊಂಡು ಗಡಿಯಾರ ಇಟ್ಟು ಹುಡುಕು.

15, 50ರ ವಿಷಯ. 15 ಅಂತ ಬಿಡಿಯಾಗಿ ಅನ್ನುವಾಗ ಒತ್ತು ಕೊನೆಯ ‘ಟೀನ್’ ಮೇಲೆ ಬಿದ್ದು ಅದು ಎಳೆಯುತ್ತೆ. 50 ಅನ್ನುವಾಗ ಒತ್ತು ಮೊದಲ ‘ಫಿಫ್’ ಮೇಲೆ, ಕೊನೆ ಗಿಡ್ಡ. ‘ನ್’ ಒಂದಕ್ಕೇ ಕಾಯಬೇಡ, ಒತ್ತು ಎಲ್ಲಿ ಬಿತ್ತು, ಕೊನೆ ಎಳೀತಾ ಅಂತಲೂ ಕೇಳು. ಕ್ಯಾನ್, ಕಾಂಟ್ ಕೂಡ ಹೀಗೇ. ‘ಐ ಕನ್ ಟೇಕ್ ಇಟ್’ ಅಂತ ಓಡಿಹೋದ್ರೆ ಆಗುತ್ತೆ ಅಂತ ಅರ್ಥ. ಆ ಪದ ಒತ್ತಿ ನಿಂತರೆ ಆಗಲ್ಲ ಅಂತ. ಬ್ರಿಟಿಷರು ಆಗ ‘ಕಾಂಟ್’ ಅಂತ ದೀರ್ಘ ಎಳೀತಾರೆ, ಹಾಗಾಗಿ ಅವರದು ಸುಲಭ. ಅಮೆರಿಕದವರದ್ದು ‘ಕ್ಯಾನ್’ ಅಂತಲೇ ಕೇಳಿಸಿ ಕೊನೆಯ ‘ಟ್’ ಮಾಯ ಆಗಿರುತ್ತೆ. ಪೆನಿಸಿಲಿನ್ ತಗೋಬಹುದಾ ಅಂತ ಕೇಳಿದಾಗ ಇದು ಹುಡುಗಾಟದ ವಿಷಯ ಅಲ್ಲ, ಅದಕ್ಕೇ ವಾರ್ಡಲ್ಲಿ ಯಾರೂ ಕಿವಿಯನ್ನಷ್ಟೇ ನಂಬಲ್ಲ. ‘ವನ್ ಫೈವ್’, ‘ಫೈವ್ ಝೀರೊ’ ಅಂತ ಅಂಕಿ ಬಿಡಿಸಿ ವಾಪಸ್ ಹೇಳಿ ಖಾತ್ರಿ ಮಾಡ್ಕೋತೀವಿ. ಪರೀಕ್ಷೇಲಿ ಆ ಅವಕಾಶ ಇಲ್ಲ ಅಷ್ಟೇ.

ಅಂಕಿ ಕೇಳೋ ಅಭ್ಯಾಸಕ್ಕೆ ದಾವಣಗೆರೆ ರೈಲ್ವೆ ಸ್ಟೇಷನ್ನೇ ಸಾಕು. ಗಾಡಿ ನಂಬರು, ಪ್ಲಾಟ್‌ಫಾರಂ, ಹೊತ್ತು ಎಲ್ಲ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಕೂಗ್ತಾರೆ. ಇಂಗ್ಲಿಷ್‌ನಲ್ಲಿ ಕೇಳಿದ್ದನ್ನ ಬರ್ಕೋ, ಕನ್ನಡದ್ದರ ಜೊತೆ ತಾಳೆ ನೋಡು. ಊರಿಗೆ ಹೋಗೋ ಬಸ್ಸು ಹಿಡಿಯೋಕೆ ಮುಂಚೆ ಹತ್ತು ನಿಮಿಷ ಇದ್ರೆ ಆಯ್ತು. ಮಾಕ್ ಟೆಸ್ಟ್ ಈಗಲೇ ಬೇಡ. ಓಇಟಿಯವರ ವೆಬ್‌ಸೈಟಲ್ಲೇ ಪುಕ್ಕಟೆ ಮಾದರಿ ಪರೀಕ್ಷೆಗಳಿವೆ, ಅದರಲ್ಲಿ ಒಂದನ್ನ ಮುಟ್ಟದೆ ಹಾಗೇ ಇಟ್ಟಿರು. ದುಡ್ಡು ಕಟ್ಟೋ ವಾರದ ಮುಂಚೆ ಅದನ್ನ ಬಾಗಿಲು ಹಾಕ್ಕೊಂಡು, ಒಂದೇ ಸಲ ಕೇಳಿ ಬರಿ. ಕೇಳೋ ಭಾಗದ 42 ಪ್ರಶ್ನೇಲಿ ಎಷ್ಟು ಬಂತು ಅಂತ ಇಲ್ಲೇ ಹಾಕು, ತಾರೀಖು ಹಿಡಿಯೋದಾ ಮುಂದೂಡೋದಾ ಅಂತ ಆಗ ಹೇಳ್ತೀನಿ.