ಜೋಗಕ್ಕೆ ಇನ್ನೊಂದೇ ಏರು

"ಶಿವಮೊಗ್ಗದಿಂದ ಜೋಗಕ್ಕೆ ಸೈಕಲ್ಲಲ್ಲಾ? ಯಾಕೆ, ಬಸ್ಸಿಗೆ ದುಡ್ಡಿರಲಿಲ್ವಾ?" ಅಂದರು ಮೇಷ್ಟ್ರು, ಚಹಾದ ಲೋಟ ಕೆಳಗಿಡುತ್ತಾ.

ನಾನು ಬಾಯಿ ತೆರೆಯುವ ಮೊದಲೇ ಭಟ್ಟ ಶುರುಮಾಡಿದ. "ಬರೀ ನೂರು ಕಿಲೋಮೀಟರು ಮೇಷ್ಟ್ರೇ. ಆಯನೂರು, ಕುಂಸಿ, ಆನಂದಪುರ, ಸಾಗರ, ತಾಳಗುಪ್ಪ. ಮುಗಿದೇ ಹೋಯ್ತು."

ಹೇಳುವಾಗ ಮುಗಿಯುತ್ತದೆ. ತುಳಿಯುವಾಗ ಆಯನೂರೇ ಬರುವುದಿಲ್ಲ.

"ಹೊರಡೋ ಮುಂಚೆ ಇವನು ಏನಂದಿದ್ದ ಗೊತ್ತಾ?" ಅಂದೆ. "ನೀರು ಹರಿಯೋದು ಜೋಗದ ಕಡೆಗೆ ತಾನೇ, ಹಾಗಾಗಿ ರಸ್ತೆನೂ ಇಳಿಜಾರೇ ಅಂತ."

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಶಿವಮೊಗ್ಗದಲ್ಲಿರೋದು ತುಂಗೆ ಕಣಯ್ಯಾ. ಅವಳು ಪೂರ್ವಕ್ಕೆ ಹೋಗ್ತಾಳೆ. ಜೋಗದಲ್ಲಿ ಬೀಳೋದು ಶರಾವತಿ, ಪಶ್ಚಿಮಕ್ಕೆ. ನಡುವೆ ದಿಣ್ಣೆ ಇರದೆ ಇನ್ನೇನಿರುತ್ತೆ?"

"ಇದನ್ನ ಮೊದಲೇ ಹೇಳಬಾರದಿತ್ತಾ?" ಅಂದ ಭಟ್ಟ, ತಪ್ಪೆಲ್ಲ ಮೇಷ್ಟ್ರದ್ದೇ ಎಂಬಂತೆ.

ಕುಂಸಿ ದಾಟುವ ಮೊದಲೇ ಅವನ ಸೈಕಲ್ಲಿನ ಚೈನು ಕಳಚಿತು. ಇಪ್ಪತ್ತೊಂದು ಗೇರಿನ ಸೈಕಲ್ಲು. ಅವನು ಬಳಸಿದ್ದು ಒಂದೇ ಗೇರು, ಅದೂ ತಪ್ಪು ಗೇರು. ಕೈಯೆಲ್ಲ ಮಸಿ. ಪಕ್ಕದಲ್ಲೇ ತೇಗದ ಗಿಡ, ಏಪ್ರಿಲ್ ಕೊನೆಯ ಎಳೆ ಚಿಗುರು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಎಲೆ ಕಿತ್ತು ತಿಕ್ಕಿಯೇಬಿಟ್ಟ. ತೇಗದ ಚಿಗುರು ತಿಕ್ಕಿದರೆ ಏನಾಗುತ್ತದೆ ಅಂತ ಮಲೆನಾಡಿನ ಮಕ್ಕಳಿಗೂ ಗೊತ್ತು. ಕೈ ರಕ್ತಗೆಂಪು!

ಮುಂದಿನ ಹೋಟೆಲಿನಲ್ಲಿ ಕೂತೆವು. ಅವಲಕ್ಕಿ ತಂದವರು ತಟ್ಟೆ ಇಡದೆ ನಿಂತುಬಿಟ್ಟರು. "ಯಾರಿಗೆ ಏನು ಮಾಡಿ ಬಂದ್ರಿ?"

ಅಲ್ಲಿಂದ ಮುಂದೆ ದಾರಿ ಕೇಳಿದ್ದೇ ಕೇಳಿದ್ದು. ಎಲ್ಲರದ್ದೂ ಒಂದೇ ಉತ್ತರ: "ಇಲ್ಲೇ, ಒಂದು ಕೂಗಳತೆ." ಆನಂದಪುರದಾಚೆ ಒಬ್ಬ ಅಜ್ಜ ಹೇಳಿದ ಕೂಗಳತೆ ಹನ್ನೊಂದು ಕಿಲೋಮೀಟರ್ ಇತ್ತು. ಅಷ್ಟು ದೂರಕ್ಕೆ ಕೂಗುವ ಗಂಟಲು ಯಾರಿಗಿದೆಯೋ ಕಾಣೆ. ಭಟ್ಟನಂತೂ ಪ್ರತಿ ತಿರುವಿನಲ್ಲೂ "ಇನ್ನೊಂದೇ ಏರು ಕಣೋ" ಅನ್ನುತ್ತಿದ್ದ. ಮೂವತ್ತೆರಡರವರೆಗೆ ಎಣಿಸಿ ಬಿಟ್ಟೆ.

"ಹೋಗ್ಲಿ, ಜೋಗ ಹೇಗಿತ್ತು?" ಅಂದರು ಮೇಷ್ಟ್ರು.

ಇಬ್ಬರೂ ಚಹಾ ಕುಡಿದೆವು.

"ಬಂಡೆ ಚೆನ್ನಾಗಿತ್ತು," ಅಂದ ಭಟ್ಟ.

ಲಿಂಗನಮಕ್ಕಿ ಅಣೆಕಟ್ಟು 1964ರಿಂದ ನೀರು ಹಿಡಿದಿಟ್ಟಿದೆ. ಬೇಸಿಗೆಯಲ್ಲಿ ಹೋದರೆ ಇಷ್ಟೇ. 253 ಮೀಟರ್ ಎತ್ತರದ ಬಂಡೆಯ ಮೇಲೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ರಜೆಯಲ್ಲಿದ್ದರು. ಒಂದು ಕಡೆ ಮಾತ್ರ ಬಿಳಿ ದಾರದಂಥ ಗೆರೆ. ಭಟ್ಟ ಅದನ್ನೇ ದಿಟ್ಟಿಸಿ ನೋಡಿ, ಬಾಟಲಿಯ ನೀರನ್ನು ತಲೆ ಮೇಲೆ ಸುರಿದುಕೊಂಡ. ಅದೇ ಜೋರಾಗಿ ಬಿತ್ತು.

"ವಾಪಸ್ಸು?"

"ಲಗೇಜ್ ಆಟೋದಲ್ಲಿ, ಸೈಕಲ್ಲುಗಳ ಜೊತೆ ಮಲಗಿಕೊಂಡು."

"ನಾನು ಬೇಡ ಅಂದೆ ಮೇಷ್ಟ್ರೇ," ಅಂದ ಭಟ್ಟ. "ಬರುವಾಗ ಎಲ್ಲಾ ಇಳಿಜಾರೇ ಅಂತ ಎಷ್ಟು ಹೇಳಿದ್ರೂ ಇವನು ನಂಬಲೇ ಇಲ್ಲ."