ಪದಚರ್ಚೆ: ಮಗುವಿನ ಎದೆಯ ‘ಸಿಸ್ಟ್’ಗೆ ಏನನ್ನೋಣ? ‘ಕರಗಿತು’ ಸರಿಯಾ?

ಎಲ್ಲರಿಗೂ ನಮಸ್ಕಾರ.

ನಾನು ಕೇಳುತ್ತಿರುವುದು ಅಂಡಾಶಯದ ಸಿಸ್ಟ್ ಬಗ್ಗೆ ಅಲ್ಲ. ಹುಟ್ಟುವ ಮೊದಲೇ ಮಗುವಿನ ಶ್ವಾಸಕೋಶದಲ್ಲಿ ಬೆಳೆಯುವ ಸಿಸ್ಟ್ (ನೀರೋ ಗಾಳಿಯೋ ತುಂಬಿದ ಚೀಲದಂಥದ್ದು) ಬಗ್ಗೆ, ಅದಕ್ಕೊಂದು ಕನ್ನಡ ಪದ ಬೇಕು. ವೈದ್ಯರು ಸಿಪಿಎಎಂ ಅನ್ನುತ್ತಾರೆ, ಹಳೆಯ ವರದಿಗಳಲ್ಲಿ ಸಿಸಿಎಎಂ ಎಂದಿರುತ್ತದೆ. ಅಪರೂಪದ್ದು.

ನಮ್ಮಕ್ಕನ ಸೊಸೆಗೆ ಐದನೇ ತಿಂಗಳ ಸ್ಕ್ಯಾನಿನಲ್ಲಿ ಇದು ಕಂಡಿತು. ‘ಮಗು ಎದೆಯಲ್ಲಿ ಗಡ್ಡೆ ಇದೆ’ ಅಂದರಂತೆ. ಅಕ್ಕ ಫೋನ್ ಮಾಡಿ ಅತ್ತಳು. ನಮ್ಮ ಕಡೆ ಗಡ್ಡೆ ಅಂದರೆ ಕ್ಯಾನ್ಸರೇ, ಅಲ್ವಾ? ಇದು ಅದಲ್ಲ. ಶ್ವಾಸಕೋಶದ ಒಂದು ಭಾಗ ಮೂಡುವಾಗಲೇ ಹದ ತಪ್ಪಿ ಗುಳ್ಳೆ ಗುಳ್ಳೆಯಾಗಿರುತ್ತದೆ, ಅಷ್ಟೇ.

ಸಿಸ್ಟ್‌ಗೆ ‘ಕೋಶ’ ಅಂದರೆ ‘ಶ್ವಾಸಕೋಶದ ಕೋಶ’ ಆಗುತ್ತದೆ, ಜೀವಕೋಶ ಅಂದುಕೊಳ್ಳುತ್ತಾರೆ. ಸಿಸ್ಟ್‌ನ ಗ್ರೀಕ್ ಮೂಲಕ್ಕೆ ಚೀಲ ಎಂದೇ ಅರ್ಥ. ಆದರೆ ಶ್ವಾಸಕೋಶವನ್ನೇ ಉಸಿರುಚೀಲ ಅನ್ನುವವರಿದ್ದಾರಲ್ಲ, ‘ಉಸಿರುಚೀಲದ ಚೀಲ’ ಅನ್ನೋಣವೇ! ನನಗೆ ‘ನೀರುಗುಳ್ಳೆ’ ಹಿಡಿಸಿತ್ತು. ದೊಡ್ಡ ಸಿಸ್ಟ್‌ಗಳು ಸ್ಕ್ಯಾನಿನಲ್ಲಿ ಕಪ್ಪು ಗುಳ್ಳೆಗಳ ಹಾಗೇ ಕಾಣುತ್ತವೆ. ಆದರೆ ಮಗು ಹುಟ್ಟಿ ಉಸಿರಾಡಿದ ಮೇಲೆ ನೀರು ಹೋಗಿ ಗಾಳಿ ತುಂಬಿಕೊಳ್ಳುತ್ತದೆ. ಆಗ ಅದೇ ಗಾಳಿಗುಳ್ಳೆ! ಸುಮ್ನೆ ‘ಗುಳ್ಳೆ’ ಅಂದರೆ ಸಾಕೇನೋ. ಅದಕ್ಕೂ ಒಂದು ತೊಡಕು. 5 ಮಿ.ಮೀ.ಗಿಂತ ಸಣ್ಣ ಗುಳ್ಳೆಗಳಾದರೆ ಬಿಡಿಬಿಡಿಯಾಗಿ ಕಾಣದೆ ಬೆಳ್ಳಗಿನ ಮುದ್ದೆಯಂತೆ ಕಾಣುತ್ತವೆ. ನಮ್ಮ ಮಗುವಿನದು ಈ ಬಗೆ. ಅದಕ್ಕೇ ಸ್ಕ್ಯಾನ್ ಮಾಡಿದವರ ಬಾಯಲ್ಲಿ ‘ಗಡ್ಡೆ’ ಬಂದಿರಬೇಕು.

ನನ್ನನ್ನು ಜಾಸ್ತಿ ಕಾಡುತ್ತಿರುವುದು ಇನ್ನೊಂದು ಪದ, ‘ಕರಗಿತು’. ಈ ಗುಳ್ಳೆ ಸಾಮಾನ್ಯವಾಗಿ ಬಸುರಿನ 26–28 ವಾರದವರೆಗೆ ಬೆಳೆದು ಆಮೇಲೆ ನಿಲ್ಲುತ್ತದೆ. ಕೆಲವೊಮ್ಮೆ ಎಂಟನೇ ತಿಂಗಳಲ್ಲಿ ಹುಡುಕಿದರೂ ಕಾಣುವುದಿಲ್ಲ. ನಮ್ಮವರಿಗೂ ಹಾಗೇ ಆಯಿತು. ‘ಕರಗಿದೆ’ ಅಂದರು. ಅಕ್ಕ ತುಪ್ಪದ ದೀಪ ಹಚ್ಚಿದಳು. ನಿಜವಾಗಿ ಕರಗಿರಲಿಲ್ಲ. ಸುತ್ತಲಿನ ಶ್ವಾಸಕೋಶವೂ ಸ್ಕ್ಯಾನಿನಲ್ಲಿ ಅಷ್ಟೇ ಬೆಳ್ಳಗಾಗಿ, ಎರಡೂ ಒಂದೇ ಥರ ಕಾಣುತ್ತಿದ್ದವು. ಮಗು ಹುಟ್ಟಿತು, ಜೋರಾಗಿ ಅತ್ತಿತು, ಎಕ್ಸ್‌ರೇಯಲ್ಲೂ ಏನೂ ಇಲ್ಲ. ಆದರೂ ಮಕ್ಕಳ ಸರ್ಜನ್ ಸಿಟಿ ಸ್ಕ್ಯಾನ್ ಬರೆದರು. ‘ಕರಗಿತಲ್ಲ, ಮತ್ತೆ ಯಾಕೆ?’ ಎಂದು ಮನೆಯಲ್ಲಿ ಒಂದು ವಾರ ಜಗಳ. ಕೊನೆಗೆ ಮಾಡಿಸಿದರೆ ಶ್ವಾಸಕೋಶದ ಎಡಗಡೆ ಕೆಳಗಿನ ಹಾಲೆಯಲ್ಲಿ (ಶ್ವಾಸಕೋಶದ ಒಂದು ಭಾಗ) ಕುಳಿತಿತ್ತು. ಬಿಟ್ಟರೆ ಪದೇ ಪದೇ ಸೋಂಕು ಆಗಬಹುದು, ಅಪರೂಪಕ್ಕೆ ಕ್ಯಾನ್ಸರಿಗೂ ತಿರುಗಬಹುದು ಎಂದು ಮಗುವಿನ ಐದನೇ ತಿಂಗಳಲ್ಲಿ ಆ ಹಾಲೆ ತೆಗೆದರು. ಉಳಿದ ಶ್ವಾಸಕೋಶ ಬೆಳೆದು ಜಾಗ ತುಂಬಿಕೊಳ್ಳುತ್ತದಂತೆ. ಹುಡುಗಿ ಈಗ ಮನೆಯಿಡೀ ಅಂಬೆಗಾಲಿಡುತ್ತಿದ್ದಾಳೆ.

‘ಕರಗಿತು’ ಬದಲು ‘ಮರೆಯಾಯಿತು’ ಅನ್ನಬಹುದಾ? ಮೋಡದ ಹಿಂದೆ ಸೂರ್ಯ ಮರೆಯಾದ ಅಂದರೆ ಸೂರ್ಯ ಇಲ್ಲ ಅಂತಲ್ಲವಲ್ಲ. ಆದರೆ ತೀರಿಕೊಂಡವರಿಗೂ ಮರೆಯಾದರು ಅನ್ನುತ್ತೇವೆ. ಬಸುರಿಯ ಮುಂದೆ ಆ ಮಾತು ಬೇಡ ಅನಿಸುತ್ತದೆ. ‘ಅವಿತಿದೆ’ ಹೇಗೆ? ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ, ನಿಮ್ಮ ಕಡೆ ತಾಯಂದಿರಿಗೆ ಏನೆಂದು ಹೇಳುತ್ತೀರಿ, ತಿಳಿಸಿ.